ತಾರಸಿಯ ಕರಾರು

ಫೋನು ಬಂದಾಗ ಗಿರಣಿಯವಳ ಕೈಯಲ್ಲಿ ಸೋಲಾರ್ ಕಂಪನಿಯವನ ಪೆನ್ನು ಇತ್ತು. ಕರಾರಿನ ಕೊನೆಯ ಪುಟಕ್ಕೆ ಆಗ ತಾನೇ ರುಜು ಹಾಕಿ ಮುಗಿಸಿದ್ದಳು. ಹಿಟ್ಟಿನ ಗಿರಣಿಯ ಮೋಟಾರು ಓಡುತ್ತಿದ್ದುದರಿಂದ ಆ ಕಡೆಯ ಮಾತು ಸರಿಯಾಗಿ ಕೇಳಲಿಲ್ಲ. ಒಂದು ಕಿವಿ ಮುಚ್ಚಿಕೊಂಡು ಮತ್ತೆ ಕೇಳಿದಳು. ಲಿಫ್ಟ್ ರಿಪೇರಿಗೆ ಹೋಗಿದ್ದ ಗಂಡ ಎಂಟನೆಯ ಮಹಡಿಯ ಮೇಲಿನ ಯಂತ್ರದ ಕೋಣೆಯಲ್ಲಿ ಎದೆ ಹಿಡಿದುಕೊಂಡು ಕುಳಿತವನು ಮತ್ತೆ ಏಳಲಿಲ್ಲವಂತೆ. ಆಸ್ಪತ್ರೆಗೆ ಒಯ್ಯುವಾಗಲೇ ಉಸಿರಿರಲಿಲ್ಲವಂತೆ. ದೇವರು ಅಂಥ ಗಳಿಗೆಯನ್ನು ಯಾರಿಗೂ ತೋರಿಸದಿರಲಿ. ಅವಳು ಮೊದಲು ಹೋಗಿ ಮೋಟಾರಿನ ಸ್ವಿಚ್ಚು ಆರಿಸಿದಳು.

ಸದ್ದು ನಿಂತದ್ದೇ ಒಳಗಿನಿಂದ ಅತ್ತಿಗೆ, ಗಂಡನ ಅಕ್ಕ, "ಯಾಕೇ ನಿಲ್ಲಿಸ್ದೆ, ಬೆಲ್ಟ್ ಹೋಯ್ತಾ?" ಎಂದು ಕೇಳಿದರು. ಬಾಗಿಲಾಚೆ ಬೈಕಿನ ಚೀಲಕ್ಕೆ ಕಾಗದ ತುಂಬುತ್ತಿದ್ದ ಕಂಪನಿಯವನು ಏನೂ ತಿಳಿಯದೆ, ಬರ್ತೀನಿ ಅಕ್ಕ ಎಂದು ಕೈ ಎತ್ತಿ ಹೊರಟುಹೋದನು.

ಎರಡು ತಿಂಗಳಿಂದ ಆ ಮನೆಯಲ್ಲಿ ತಾರಸಿಯದೇ ಮಾತಾಗಿತ್ತು. ಗಿರಣಿಯ ದುಡಿಮೆಯಲ್ಲಿ ಅರ್ಧವನ್ನು ಕರೆಂಟಿನ ಬಿಲ್ಲೇ ನುಂಗುತ್ತಿತ್ತು. ಕಂಪನಿಯವರು ಕೈಯಿಂದ ಏನೂ ಹಾಕಬೇಕಾಗಿಲ್ಲ ಎಂದರು. ಇಪ್ಪತ್ತೈದು ವರ್ಷಕ್ಕೆ ತಾರಸಿ ಬಿಟ್ಟುಕೊಟ್ಟರೆ ಸಾಕು, ಸೋಲಾರ್ ಪ್ಯಾನೆಲ್ ತಮ್ಮದು, ರಿಪೇರಿ ತಮ್ಮದು, ಅದರಿಂದ ಬಂದ ಕರೆಂಟನ್ನು ನಿಮಗೇ ಅಗ್ಗಕ್ಕೆ ಮಾರುತ್ತೇವೆ ಎಂದರು. ಅವಳಿಗೆ ಅದು ಹಿಡಿಸಿತು. ಗಂಡನಿಗೆ ಹಿಡಿಸಲಿಲ್ಲ. ಸಾಲ ಮಾಡಿಯಾದರೂ, ಚಿಕ್ಕದಾದರೂ, ಸ್ವಂತದ್ದೇ ಹಾಕಿಸೋಣ, ಆರೇಳು ವರ್ಷ ಹಲ್ಲು ಕಚ್ಚಿದರೆ ಆಮೇಲಿನ ಬಿಸಿಲೆಲ್ಲ ನಮ್ಮದೇ ಎನ್ನುವುದು ಆತನ ವಾದ. ಸ್ವಂತದ್ದು ಕೆಟ್ಟರೆ ರಿಪೇರಿಯ ಖರ್ಚೂ ನಮ್ಮದೇ ಅಲ್ಲವೇ ಎಂದು ಅವಳು ಕೇಳುತ್ತಿದ್ದಳು. ಆತ ನಗುತ್ತಿದ್ದನು.

"ಲಿಫ್ಟಿಗೇ ನಾವು ಒಂದು ವರ್ಷಕ್ಕಿಂತ ಹೆಚ್ಚು ಗ್ಯಾರಂಟಿ ಕೊಡಲ್ಲ ಕಣೇ. ಇವರು ಇಪ್ಪತ್ತೈದು ವರ್ಷ ಅಂತಾರೆ. ನಾಳೆ ತಾರಸಿ ಸೋರಿದ್ರೆ ನಮ್ಮ ಮನೆ ಮೇಲೆ ಹತ್ತೋಕೆ ಅವರ ಅಪ್ಪಣೆ ಕೇಳ್ಬೇಕು. ಮನೆ ಮಾರೋಣ ಅಂದ್ರೆ, ಕೊಳ್ಳೋನು ಅವರನ್ನೂ ತಲೆ ಮೇಲೆ ಹೊತ್ಕೊಳ್ಬೇಕು."

ಆ ದಿನ ಬೆಳಗ್ಗೆ ಶೂ ಕಟ್ಟಿಕೊಳ್ಳುತ್ತಾ ಆತ ಹೇಳಿದ್ದು ಒಂದೇ ಮಾತು. ಸಂಜೆ ಬಂದು ಕರಾರನ್ನು ಪೂರ್ತಿ ಓದುತ್ತೇನೆ, ಅಲ್ಲಿಯವರೆಗೆ ಅದನ್ನು ಮುಟ್ಟಬೇಡ. ಅವಳು ಹೂಂ ಅಂದಿದ್ದಳು. ಆದರೆ ಕಂಪನಿಯವನು ಬಂದು, ಈ ದರ ಇವತ್ತಿಗೇ ಮುಗಿಯುತ್ತದೆ ಎಂದಾಗ ಅವಳ ಮನಸ್ಸು ತಡೆಯಲಿಲ್ಲ. ಒಂದು ದಿನ ಗೊಣಗುತ್ತಾರೆ, ಮರುದಿನ ಸುಮ್ಮನಾಗುತ್ತಾರೆ ಎಂದುಕೊಂಡಳು.

ಮನೆ ಗಂಡನ ಹೆಸರಿನಲ್ಲಿತ್ತು. ಆದ್ದರಿಂದ ಅವಳು ಹಾಕಿದ್ದು ಗಂಡನ ರುಜು. ಆ ಮನೆಯಲ್ಲಿ ಅದೇನೂ ಹೊಸದಲ್ಲ. ಹನ್ನೆರಡು ವರ್ಷದ ಹಿಂದೆ ಲಿಫ್ಟಿನ ಬಾಗಿಲಿಗೆ ಸಿಕ್ಕಿ ಆತನ ಬಲಗೈಯ ಎರಡು ಬೆರಳು ಜಜ್ಜಿಹೋಗಿದ್ದವು. ಅಂದಿನಿಂದ ಆತನ ರುಜು ಒಂದೊಂದು ಸಲ ಒಂದೊಂದು ಬಗೆ ಬರುತ್ತಿತ್ತು. ಅದನ್ನು ಬ್ಯಾಂಕಿನವರು ಎರಡು ಸಲ ಒಪ್ಪದೆ ವಾಪಸು ಕಳುಹಿಸಿದರು. ಮೂರನೆಯ ಸಲ ಅವಳು ಹಾಕಿಕೊಟ್ಟದ್ದನ್ನು ಮರುಮಾತಿಲ್ಲದೆ ಒಪ್ಪಿದರು. ನನಗಿಂತ ನೀನೇ ನಾನಾಗಿದ್ದೀಯ ಎಂದು ಆತ ನಗೆಯಾಡಿದ್ದನು. ಆಮೇಲೆ ಎಲ್ಲ ಕಾಗದಕ್ಕೂ ಅವಳದೇ ಕೈ. ಕಂಪನಿಯವನೂ ಕರಾರಿನ ದಿನ ಕಂಡೂ ಕಾಣದಂತೆ, ಯಾರು ಹಾಕಿದರೇನು ಅಕ್ಕ, ಮನೆ ಒಂದೇ ತಾನೆ ಎಂದಿದ್ದನು.

ಮಣ್ಣಾದ ಹತ್ತು ದಿನಕ್ಕೆ ಆಸ್ಪತ್ರೆಯ ಪತ್ರ ಕೈಗೆ ಬಂತು. ಪ್ರಾಣ ಹೋದ ಹೊತ್ತು ಬೆಳಗ್ಗೆ ಹತ್ತು ಗಂಟೆ ನಲವತ್ತು ನಿಮಿಷ. ಅದನ್ನು ಓದಿದವಳು ಗಿರಣಿಯ ಕೋಣೆಗೆ ಹೋಗಿ ಕರಾರಿನ ಪ್ರತಿಯನ್ನು ತೆರೆದಳು. ಕೊನೆಯ ಪುಟದಲ್ಲಿ, ಸಾಕ್ಷಿಯ ಜಾಗದಲ್ಲಿ, ಕಂಪನಿಯವನು ದುಂಡಗಿನ ಅಕ್ಷರದಲ್ಲಿ ಬರೆದಿದ್ದನು: ಮಾಲೀಕರು ನನ್ನ ಎದುರಿನಲ್ಲಿ ರುಜು ಮಾಡಿರುತ್ತಾರೆ, ಬೆಳಗ್ಗೆ ಹನ್ನೊಂದೂ ಕಾಲು.

ಸತ್ತು ಮೂವತ್ತೈದು ನಿಮಿಷವಾದ ಮನುಷ್ಯನ ಕೈಯಿಂದ ಅವಳು ರುಜು ಹಾಕಿಸಿದ್ದಳು.

ಅಂದಿನಿಂದ ಬೀದಿಯಲ್ಲಿ ಬೈಕು ನಿಂತರೆ ಅವಳು ಕಿಟಕಿಯಿಂದ ಇಣುಕಿ ನೋಡುತ್ತಿದ್ದಳು. ಹಿಟ್ಟಿಗೆ ಬಂದವರು ಹೆಸರು ಹಿಡಿದು ಕರೆದರೆ ಬೆಚ್ಚುತ್ತಿದ್ದಳು. ಪೊಲೀಸರ ಭಯ ಒಂದು ಕಡೆ. ಅದಕ್ಕಿಂತ ದೊಡ್ಡದು ಇನ್ನೊಂದು. ಮುಟ್ಟಬೇಡ ಎಂದ ಮಾತೇ ಆತನ ಕೊನೆಯ ಮಾತಾಗಿತ್ತು. ಆ ಮಾತನ್ನು ಅವಳು ಆತನ ಹೆಸರಿನಿಂದಲೇ ಮುರಿದಿದ್ದಳು. ದೇವರ ಮುಂದೆ ಕೂತರೂ ಬಾಯಿಗೆ ಪ್ರಾರ್ಥನೆ ಬರುತ್ತಿರಲಿಲ್ಲ.

ಒಂದು ಸಂಜೆ ಅವಳ ಫೋನಿಗೆ ಸಂದೇಶ ಬಂತು. ಕನ್ನಡಕ ಏರಿಸಿಕೊಂಡು ಅತ್ತಿಗೆಯೇ ಓದಿದರು. ಗುರುವಾರ ಬೆಳಗ್ಗೆ ಕಂಪನಿಯ ಕೆಲಸಗಾರರು ಬಂದು ತಾರಸಿಗೆ ತೂತು ಕೊರೆದು ಕಂಬಿ ಕೂರಿಸುತ್ತಾರೆ.

"ಇದೇನೇ ಇದು? ಅವನು ಬೇಡ ಅಂದಿದ್ನಲ್ಲ" ಎಂದರು.

ಅವಳು ಎಲ್ಲವನ್ನೂ ಹೇಳಿದಳು. ಅತ್ತಿಗೆಯ ನಾಲಗೆ ಚಾಕುವಿನಂಥದು, ಇವತ್ತು ತನ್ನನ್ನು ಸೀಳಿಬಿಡುತ್ತಾರೆ ಎಂದುಕೊಂಡಿದ್ದಳು. ಅತ್ತಿಗೆ ಬೈಯಲಿಲ್ಲ. ಎದ್ದುಹೋಗಿ ಬೀದಿಯ ಬಾಗಿಲ ಚಿಲಕ ಹಾಕಿ ಬಂದರು. ಅದನ್ನು ಕಂಡು ಅವಳ ಭಯ ಇಮ್ಮಡಿಯಾಯಿತು.

"ಬಾಯಿ ಬಿಡಬೇಡ" ಎಂದರು ಅತ್ತಿಗೆ ಸಣ್ಣ ದನಿಯಲ್ಲಿ. "ಹಿಂದಿನ ದಿನವೇ ಅವನೇ ಹಾಕಿಟ್ಟಿದ್ದ ಅಂತ ನಾನೂ ಹೇಳ್ತೀನಿ. ಪ್ಯಾನೆಲ್ ಹಾಕ್ಕೊಂಡು ಹೋಗ್ಲಿ. ತಾರಸಿ ಹೋದ್ರೆ ಹೋಯ್ತು. ಅವನಂತೂ ಹೋದ, ನಿನ್ನನ್ನೂ ಎಳ್ಕೊಂಡು ಹೋದ್ರೆ ನನಗ್ಯಾರಿದ್ದಾರೆ?"

ಗುರುವಾರಕ್ಕೆ ಇನ್ನೂ ಮೂರು ದಿನವಿತ್ತು. ಗಿರಣಿಯವಳು ಒಳಗೊಳಗೇ ತೂಗಿ ನೋಡಿದಳು. ರುಜು ಗಂಡನದೇ ಎಂದರೆ ತಾರಸಿ ಇಪ್ಪತ್ತೈದು ವರ್ಷ ಪರರದಾಗುತ್ತದೆ, ತಾನು ಉಳಿಯುತ್ತೇನೆ. ತನ್ನದು ಎಂದರೆ ತಾರಸಿ ಉಳಿಯಬಹುದು, ತಾನು ಏನಾಗುತ್ತೇನೋ ತಿಳಿಯದು. ಮೊದಲನೆಯದೇ ಸುಲಭವಾಗಿತ್ತು. ಆದರೆ ಸುಳ್ಳು ಹೇಳಬೇಕಾದದ್ದು ಸತ್ತವನ ಬಾಯಿಂದ. ತನ್ನ ತಪ್ಪಿಗೆ ದೇವರ ಮುಂದೆಯೂ ಆತನೇ ಉತ್ತರ ಹೇಳಬೇಕಾಗುತ್ತದಲ್ಲ ಎಂದು ನೆನೆದಾಗಲೆಲ್ಲ ಅವಳು ಕರಾರನ್ನು ಮತ್ತೆ ತೆರೆದು ನೋಡುತ್ತಿದ್ದಳು.

ಗುರುವಾರ ಕಂಬಿ ಹೊತ್ತ ಗಾಡಿ ಬಂತು. ಇಬ್ಬರು ಕೆಲಸಗಾರರು ಡ್ರಿಲ್ಲು ಹಿಡಿದು ಮೆಟ್ಟಿಲು ಹತ್ತಿಯೇಬಿಟ್ಟರು. ಹಿಂದೆ ಬಂದ ಕಂಪನಿಯವನು ಸಾವಿನ ಸುದ್ದಿ ನಿನ್ನೆ ತಾನೇ ತಿಳಿಯಿತೆಂದು ತಲೆ ತಗ್ಗಿಸಿ ನಾಲ್ಕು ಮಾತು ಹೇಳಿದನು. ಯಜಮಾನರು ಇದ್ದಾಗಲೇ ಒಳ್ಳೆಯ ಕೆಲಸ ಮಾಡಿಹೋದರು ಎಂದೂ ಸೇರಿಸಿದನು. ಒಳಬಾಗಿಲಲ್ಲಿ ನಿಂತ ಅತ್ತಿಗೆ ಬೇಡವೆಂಬಂತೆ ಕಣ್ಣಲ್ಲೇ ತಡೆದರು.

ಗಿರಣಿಯವಳು ಕರಾರು, ಆಸ್ಪತ್ರೆಯ ಪತ್ರ ಎರಡನ್ನೂ ಅವನ ಮುಂದೆ ಹಿಡಿದಳು.

"ಅವರು ಮಾಡಿದ್ದಲ್ಲ ಇದು. ನಾನು ಮಾಡಿದ್ದು. ಅವರು ಬೇಡ ಅಂದಿದ್ರು. ನಾನು ಇದನ್ನ ಹಾಕುವಾಗ ಅವರು ಇರಲಿಲ್ಲ. ಟೈಮ್ ನೋಡಿ."

ಅವನು ಇದನ್ನೊಮ್ಮೆ, ಅದನ್ನೊಮ್ಮೆ ನೋಡಿದನು. ಆಮೇಲೆ ಸಾಕ್ಷಿಯ ಸಾಲಿನ ಮೇಲೆ ಅವನ ಬೆರಳು ನಿಂತಿತು. ಮಾತಿನ ಮಲ್ಲನಾದ ಅವನು ಮೆಟ್ಟಿಲ ಮೇಲೆ ಕುಸಿದು ಕುಳಿತನು.

"ಅಕ್ಕ, ಇದು ಆಫೀಸಿಗೆ ಗೊತ್ತಾದ್ರೆ ಮೊದಲು ಹೋಗೋದು ನಾನು. ಸುಮ್ನೆ ಇದ್ಬಿಡಿ. ಯಾರು ನೋಡ್ತಾರೆ?"

ಒಬ್ಬರಿಗಿಂತ ಒಬ್ಬರು ಹೆದರಿದ ಮೂವರು ಅಲ್ಲಿದ್ದರು. ಅವನ ಮೇಲೆ ಅವಳಿಗೆ ಕನಿಕರ ಬಂತು. ನಿಮ್ಮ ಮೇಲೆ ನಾನು ದೂರು ಹೇಳುವುದಿಲ್ಲ, ಆದರೆ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಡುತ್ತೇನೆ ಎಂದಳು. ಅಲ್ಲೇ ಕುಳಿತು ಬರೆದಳು. ಕೆಳಗೆ, ಹನ್ನೆರಡು ವರ್ಷದಲ್ಲಿ ಅಪರೂಪವಾಗಿದ್ದ ತನ್ನ ಹೆಸರನ್ನು ತಡವರಿಸುತ್ತ ಬರೆದಳು. ಅವನು ಕೆಲಸಗಾರರನ್ನು ಕೆಳಗೆ ಕರೆದನು. ಕರಾರು ರದ್ದಾಗುತ್ತದೋ, ಪೊಲೀಸರಿಗೆ ಹೋಗುತ್ತದೋ ತನಗೆ ತಿಳಿಯದು, ಮೇಲಿನವರು ತಿಳಿಸುತ್ತಾರೆ ಎಂದು ಹೇಳಿ, ಅವಳ ಮುಖ ನೋಡದೆ ಗಾಡಿ ಹತ್ತಿದನು.

ಅತ್ತಿಗೆ ಒಳಗೆ ಹೋದರು. ಅವಳು ತಾರಸಿಗೆ ಹತ್ತಿದಳು. ಕೆಲಸಗಾರರು ಆಗಲೇ ಕಂಬಿ ಕೂರಿಸುವ ಜಾಗಕ್ಕೆ ನೀಲಿ ಸೀಮೆಸುಣ್ಣದಿಂದ ಚೌಕಗಳನ್ನು ಎಳೆದುಹೋಗಿದ್ದರು. ಬಿಸಿಲು ಕಾಯುತ್ತಿತ್ತು. ಚೌಕಗಳ ನಡುವೆ ಮೊಣಕಾಲೂರಿ, ಎಷ್ಟೋ ದಿನದಿಂದ ಬಾರದಿದ್ದ ಮಾತುಗಳನ್ನು ಒಂದೊಂದಾಗಿ ಆಡಿದಳು.

"ದೇವರೇ, ಅವರಿಗೆ ಶಾಂತಿ ಕೊಡು. ನನ್ನ ತಪ್ಪಿನ ಲೆಕ್ಕ ನನಗೇ ಇರಲಿ. ಅವರನ್ನ ಯಾವುದಕ್ಕೂ ಎಬ್ಬಿಸಬೇಡ."