ನೀರು ಹೊಳೆದ ದಿನ

ನಾನು ರೋಗಾಣುಗಳನ್ನು ಪತ್ತೆ ಮಾಡುವ ಯಂತ್ರ. ಆದರೆ ಇಷ್ಟು ವರ್ಷಗಳಲ್ಲಿ ಒಂದು ರೋಗಾಣುವಿನ ಮುಖವನ್ನೂ ನೋಡಿಲ್ಲ. ನಾನು ನೋಡುವುದು ಬೆಳಕನ್ನು ಮಾತ್ರ. ಕಿರುಬೆರಳಿನ ತುದಿಯಷ್ಟಿರುವ ಪ್ಲಾಸ್ಟಿಕ್ ಕೊಳವೆಗಳನ್ನು ನನ್ನ ಹೊಟ್ಟೆಯ ಗುಳಿಗಳಲ್ಲಿ ಕೂರಿಸುತ್ತಾರೆ. ನಾನು ಅವನ್ನು ಕಾಯಿಸುತ್ತೇನೆ, ಆರಿಸುತ್ತೇನೆ, ಮತ್ತೆ ಕಾಯಿಸುತ್ತೇನೆ. ಹುಡುಕುತ್ತಿರುವ ರೋಗಾಣುವಿನ ವಂಶವಾಹಿಯ ಒಂದೇ ಒಂದು ತುಣುಕು ಒಳಗಿದ್ದರೂ ಸಾಕು, ಅದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ, ಕೊನೆಗೆ ಕೋಟಿಗಳಾಗುತ್ತದೆ. ಜೊತೆಗೆ ಹಾಕಿದ ಬಣ್ಣ ಹೊಳೆಯುತ್ತದೆ. ತುಣುಕು ಇಲ್ಲದಿದ್ದರೆ ಕತ್ತಲೆ. ಹೊಳೆದರೆ ಹೊಳೆಯಿತು ಎನ್ನುತ್ತೇನೆ. ಆ ತುಣುಕು ಅಲ್ಲಿಗೆ ಹೇಗೆ ಬಂತು ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ನನಗೆ ಗೊತ್ತಿಲ್ಲ.

ಹುಟ್ಟಿದ್ದು ಸಮುದ್ರದಾಚೆಯ ಒಂದು ಕಾರ್ಖಾನೆಯಲ್ಲಿ. ಧಾರವಾಡದ ಕಡೆಯ ಒಂದು ವೈದ್ಯಕೀಯ ಕಾಲೇಜಿಗೆ ಮರದ ಪೆಟ್ಟಿಗೆಯಲ್ಲಿ ಬಂದೆ. ದಾರಿಯಲ್ಲಿ ಏಟು ಬಿದ್ದರೆ ಬಿಳಿಯಿಂದ ಕೆಂಪಾಗುವ ಒಂದು ಚೀಟಿಯನ್ನು ನನ್ನಂಥವರಿಗೆ ಅಂಟಿಸಿರುತ್ತಾರೆ. ಪೆಟ್ಟಿಗೆ ಬಿಚ್ಚಿದಾಗ ನನ್ನ ಚೀಟಿ ಕೆಂಪಾಗಿತ್ತು.

"ಹಾದ್ಯಾಗ ಎಲ್ಲೋ ಬಿದ್ದದ ಇದು," ಎಂದರು ವಿಭಾಗದ ಮುಖ್ಯಸ್ಥರಾದ ಇನಾಮದಾರ ಸರ್. ನನ್ನ ಎತ್ತರದಿಂದ ನನಗೆ ಕಂಡದ್ದು ಅವರ ಗದ್ದ ಮತ್ತು ಮೂಗಿನ ಹೊಳ್ಳೆಗಳಷ್ಟೇ. ಕಂಪನಿಯ ಎಂಜಿನಿಯರ್ ಬಂದು ಎರಡು ದಿನ ಪರೀಕ್ಷಿಸಿ, ಯಾವ ದೋಷವೂ ಇಲ್ಲವೆಂದು ಬರೆದುಕೊಟ್ಟ. ಅದು ಫೈಲು ಸೇರಿತು. 'ಬಿದ್ದ ಮಷೀನು' ಎಂಬ ಹೆಸರು ಮಾತ್ರ ನನ್ನ ಬಳಿಯೇ ಉಳಿಯಿತು. ಕೆಂಪು ಚೀಟಿಯನ್ನೂ ಯಾರೂ ಕೀಳಲಿಲ್ಲ.

ನನ್ನನ್ನು ನಂಬಿದವರು ಶೈಲಜಾ ಹಂಚಿನಾಳ ಮೇಡಂ. ಜನ ಟೈಫಾಯ್ಡ್ ಎನ್ನುವ ವಿಷಮಶೀತ ಜ್ವರದ ರೋಗಾಣುವೇ ಅವರ ಸಂಶೋಧನೆಯ ವಿಷಯ. ಅವರ ನಂಬಿಕೆಯೂ ಒಂದು ಬಗೆಯ ಸಂಶಯವೇ ಆಗಿತ್ತು. ರೋಗಿಗಳ ಮಾದರಿಗಳ ಜೊತೆಗೆ ಪ್ರತಿ ಸಲವೂ ಬರೀ ನೀರು ತುಂಬಿದ ಒಂದು ಕೊಳವೆಯನ್ನು ನನ್ನೊಳಗೆ ಇಡುತ್ತಿದ್ದರು. ನೀರು ಹೊಳೆಯಬಾರದು. ಹೊಳೆದರೆ ಎಲ್ಲೋ ಏನೋ ಬೆರೆತಿದೆ ಎಂದು ಅರ್ಥ. ಆ ದಿನದ ಪರೀಕ್ಷೆಯೆಲ್ಲ ಕಸದ ಬುಟ್ಟಿಗೆ.

ನಮ್ಮಲ್ಲಿ ಮೂರು ಕೋಣೆಗಳಿದ್ದವು. ಮೊದಲನೆಯದು ಶುದ್ಧ ಕೋಣೆ. ಮಾದರಿಗಳನ್ನು ಸಿದ್ಧಪಡಿಸುವುದು ಅಲ್ಲಿ. ನಡುವಿನದು ನನ್ನದು. ಮೂರನೆಯದರಲ್ಲಿ ನನ್ನೊಳಗೆ ಕೋಟಿಗಟ್ಟಲೆ ಬೆಳೆದ ತುಣುಕುಗಳ ಕೊಳವೆಗಳನ್ನು ಬಿಚ್ಚಿ ಮುಂದಿನ ಸಂಶೋಧನೆ ಮಾಡುತ್ತಿದ್ದರು. ಅಲ್ಲಿಂದ ಶುದ್ಧ ಕೋಣೆಗೆ ಒಂದು ಪೆನ್ನೂ ಹೋಗುವಂತಿರಲಿಲ್ಲ. ಹೆಬ್ಬೆರಳಿನಿಂದ ಒತ್ತಿ ಹನಿ ಎಳೆದುಕೊಳ್ಳುವ ಪಿಪೆಟ್‌ಗಳು ನೋಡಲು ಎಲ್ಲವೂ ಒಂದೇ ತರಹ. ಅದಕ್ಕಾಗಿ ಶುದ್ಧ ಕೋಣೆಯವಕ್ಕೆ ಹಸಿರು ಪಟ್ಟಿ, ಮೂರನೆಯ ಕೋಣೆಯವಕ್ಕೆ ಕೆಂಪು ಪಟ್ಟಿ.

"ನಮ್ಮ ಮುತ್ತಜ್ಜಿ ಮಡೀಗಿಂತ ಮೇಡಮ್ಮಾರ ಮಡಿ ಜೋರೈತಿ," ಎನ್ನುತ್ತಿದ್ದ ತಂತ್ರಜ್ಞ ಕಲ್ಮೇಶ.

"ನಿಮ್ಮ ಮುತ್ತಜ್ಜಿ ಮಡಿ ಮುರಿದರ ದೇವರು ಸಿಟ್ಟಾಗ್ತಾನ, ಅಷ್ಟ. ಇಲ್ಲೆ ಮುರಿದರ ಸುಳ್ಳು ಹುಟ್ಟತದ," ಎಂದು ಮೇಡಂ ಅವನಿಗೆ ಕೈಗವಸು ಬದಲಿಸಲು ಹೇಳುತ್ತಿದ್ದರು.

ಹೀಗಿರುವಾಗ ಒಂದು ವರ್ಷದ ಆಯುಧಪೂಜೆ ಬಂತು. ಅಲ್ಲಿಯವರೆಗೆ ನನಗೊಬ್ಬನಿಗೆ ಒಂದು ಹೂವು ಏರಿಸಿ ಮುಗಿಸುತ್ತಿದ್ದರು. ಅಂದು ಇನಾಮದಾರ ಸರ್ ಹೊಸ ಧೋತರ ಉಟ್ಟು ಬಂದಿದ್ದರು.

"ವರ್ಷಾ ಪೂರ್ತಿ ದುಡೀತಾವ, ಪಾಪ. ಎಲ್ಲಾನೂ ನಡುವಿನ ಕೋಣ್ಯಾಗ ತರ್ರಿ, ಒಂದ ಕಡೆ ಪೂಜಾ ಮಾಡೂಣು."

ಕಲ್ಮೇಶ ಮೇಡಂ ಮುಖ ನೋಡಿದ. "ಮೇಡಂ, ನಿಮ್ಮ ಮಡಿ?"

ಅವರು ನಕ್ಕರು. "ದೇವರ ಮುಂದ ಎಂಥಾ ಮಡಿನೋ? ಒರಸಿ ತೊಗೊಂಡು ಬಾ."

ಎರಡೂ ಕೋಣೆಗಳ ಪಿಪೆಟ್‌ಗಳು ಒಂದೇ ಹರಿವಾಣದಲ್ಲಿ ನನ್ನ ಮುಂದೆ ಬಂದು ಕುಳಿತವು. ಹಳೆಯ ಪಟ್ಟಿಗಳು ಜಿಡ್ಡುಗಟ್ಟಿದ್ದವು. ಹಬ್ಬಕ್ಕೆ ಹಳೆಯದು ಬೇಡವೆಂದು ಮೇಡಂ ತಾವೇ ಅವನ್ನು ಸುಲಿದು, ಒಂದೊಂದಕ್ಕೂ ವಿಭೂತಿ, ಕುಂಕುಮ ಹಚ್ಚಿದರು. ಪೂಜೆ ಮುಗಿದ ಮೇಲೆ ಹೊಸ ಪಟ್ಟಿ ಅಂಟಿಸಿ ಕಳಿಸಿದರು. ಯಾವುದು ಎತ್ತ ಹೋಯಿತೆಂದು ನಾನು ನೋಡಲಿಲ್ಲ. ನನ್ನ ಮುಖದ ಮೇಲೆ ಚೆಂಡುಹೂವಿನ ಮಾಲೆ ಇಳಿಬಿದ್ದಿತ್ತು. ಪಡಸಾಲೆಯಲ್ಲಿ ಫೇಡಾ ಹಂಚಿದರು. ಇನಾಮದಾರ ಸರ್ ಮೂರು ತಿಂದು ನಾಲ್ಕನೆಯದಕ್ಕೆ ಕೈಹಾಕಿದ್ದು ಮಾತ್ರ ಮಾಲೆಯ ಸಂದಿಯಿಂದ ಕಂಡಿತು.

ದೀಪಾವಳಿ ಕಳೆದ ಮೇಲೆ ಕಾಲೇಜಿನ ಹಿಂದಿನ ರಸ್ತೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಜ್ವರ ಎದ್ದಿತು. ಹುಡುಗಿಯರ ರಕ್ತದಲ್ಲಿ ಟೈಫಾಯ್ಡ್ ರೋಗಾಣು ಬೆಳೆಯಿತು. ಅದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಅದು ಬಂದದ್ದು ಎಲ್ಲಿಂದ ಎಂಬುದೇ ಪ್ರಶ್ನೆ. ಈ ರೋಗಾಣುವನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಜ್ವರವಿಲ್ಲದೆ ಓಡಾಡುವವರು ಇರುತ್ತಾರೆ, ಅವರನ್ನು ವಾಹಕರು ಎನ್ನುತ್ತಾರೆ. ಅಂಥವರು ಅಡುಗೆಮನೆಯಲ್ಲಿದ್ದರೆ ಮುಗಿಯಿತು. ಹಾಸ್ಟೆಲಿನ ನಲ್ಲಿಯ ನೀರು, ಮೂವರು ಅಡುಗೆಯವರ ಮಲದ ಮಾದರಿ ನನ್ನ ಹತ್ತಿರ ಬಂದವು. ತಪಾಸಣೆಯ ಸುದ್ದಿ ತಿಳಿದು ವಾರ್ಡನ್ ಹಿಂದಿನ ದಿನವೇ ಟ್ಯಾಂಕು ತೊಳೆಸಿ ಬ್ಲೀಚಿಂಗ್ ಪುಡಿ ಹಾಕಿಸಿದ್ದರಂತೆ. ಇದು ಕಲ್ಮೇಶ ಹೇಳಿದ್ದು, ನಾನು ಕಂಡದ್ದಲ್ಲ.

ನಲ್ಲಿಯ ನೀರು ಕತ್ತಲೆ. ಇಬ್ಬರು ಅಡುಗೆಯವರು ಕತ್ತಲೆ. ಮೂರನೆಯ ಕೊಳವೆ ತಡವಾಗಿ, ಮಂಕಾಗಿ ಹೊಳೆಯಿತು; ಒಳಗಿದ್ದದ್ದು ತೀರ ಕೆಲವೇ ತುಣುಕು ಎಂದರ್ಥ. ಅದು ಹಾಸ್ಟೆಲಿನ ಮುಖ್ಯ ಅಡುಗೆಯವಳು ಫಕೀರವ್ವನದು. ನಮ್ಮ ಎಂದಿನ ನೀರಿನ ಕೊಳವೆಯೂ ಕತ್ತಲೆಯಾಗಿಯೇ ಇತ್ತು. ಹಾಗಾಗಿ ಫಲಿತಾಂಶ ಸರಿ ಎಂದಾಯಿತು.

"ಭಾಳ ತಡಾ ಮಾಡಿ ಬಂದದ ಸರ್. ಕಲ್ಚರ್ ಬರೂತನಾ ಕಾಯೂಣು," ಎಂದರು ಮೇಡಂ. ಕಲ್ಚರ್ ಎಂದರೆ ಮಾದರಿಯಿಂದ ಜೀವಂತ ರೋಗಾಣುವನ್ನು ತಟ್ಟೆಯಲ್ಲಿ ಬೆಳೆಸಿ ನೋಡುವುದು.

"ಬಂದದೋ ಇಲ್ಲೋ? ಬಂದದ. ಪೇಪರಿನವ್ರು ಬಾಗಲದಾಗ ನಿಂತಾರ. ಮೊದಲ ಆಕೀನ್ನ ಒಲಿ ಮುಂದಿಂದ ಎಬ್ಬಸ್ಲಿ." ಇನಾಮದಾರ ಸರ್ ಅಲ್ಲೇ ನಿಂತು ವಾರ್ಡನ್‌ಗೆ ಫೋನ್ ಮಾಡಿದರು.

ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಅದರಿಂದ ಫಕೀರವ್ವನಿಗೆ ಲಾಭವೂ ಆಗಲಿಲ್ಲ. ವಾಹಕರ ಹೊಟ್ಟೆಯಿಂದ ರೋಗಾಣು ದಿನವೂ ಹೊರಬೀಳುವುದಿಲ್ಲ ಎಂದರು ಸರ್. ಆ ಮಾತು ನಿಜವೇ. ಸಿಕ್ಕರೆ ಅಪರಾಧಿ, ಸಿಗದಿದ್ದರೆ ಅಡಗಿಸಿಟ್ಟವಳು. ಹೊರಬರುವ ದಾರಿ ಯಾವುದೆಂದು ನನಗೂ ತಿಳಿಯಲಿಲ್ಲ.

ಒಂದು ಮುಂಜಾನೆ ಆಕೆ ಬಾಗಿಲಿಗೆ ಬಂದಳು. ಇಳಕಲ್ ಸೀರೆಯ ಸೆರಗು ತಲೆಯ ಮೇಲಿತ್ತು. ಒಲೆಯ ಕಾವಿಗೆ ಮುಂಗೈಯ ಕೂದಲೆಲ್ಲ ಸುಟ್ಟುಹೋಗಿತ್ತು.

"ಅವ್ವಾರ, ನಾ ಎಂದೂ ಜ್ವರಾ ಬಂದು ಮಲಗಿದಾಕಿ ಅಲ್ರಿ. ಇನ್ನೊಮ್ಮೆ ನೋಡ್ರಿ. ಓಣ್ಯಾಗ ನಾ ಮುಟ್ಟಿದ ಕೊಡಾ ಹುಣಸಿಹಣ್ಣು ಹಚ್ಚಿ ತಿಕ್ಕಾಕತ್ತಾರ. ನಾ ಉಣಸಿದ ಹುಡುಗ್ಯಾರ ನನ್ನ ಕಂಡರ ಬಾಯಿಗೆ ವೇಲ್ ಮುಚ್ಕೋತಾವ್ರಿ."

"ಕೂಡು ಫಕೀರವ್ವ," ಎಂದರು ಮೇಡಂ.

"ಎಲ್ಲಿ ಕೂಡ್ಲಿರಿ? ನಾ ಕುಂತ ಕುರ್ಚಿನೂ ತೊಳೀಬೇಕಾದೀತು."

ಅಂದಿನಿಂದ ಮೇಡಂ ಅವರ ಸಂಶಯ ದಿಕ್ಕು ಬದಲಿಸಿತು. ಫಕೀರವ್ವನ ಕೊಳವೆಯಲ್ಲಿ ಬೆಳೆದ ತುಣುಕನ್ನು ಪೂರ್ತಿಯಾಗಿ ಓದಿಸಲು ಬೇರೆ ಊರಿನ ಪ್ರಯೋಗಾಲಯಕ್ಕೆ ಕಳಿಸಿದರು, ಹುಡುಗಿಯರ ರೋಗಾಣುವಿನದನ್ನೂ ಕಳಿಸಿದರು. ಉತ್ತರ ಬಂದಾಗ ಕುರ್ಚಿ ಎಳೆದು ನನ್ನ ಪಕ್ಕದಲ್ಲೇ ಕುಳಿತರು.

ಎರಡೂ ಬೇರೆ ಬೇರೆಯಾಗಿದ್ದವು. ಫಕೀರವ್ವನ ತುಣುಕಿನಲ್ಲಿ ಒಂದು ಅಪರೂಪದ ಬದಲಾವಣೆ ಇತ್ತು, ಮಚ್ಚೆಯ ಹಾಗೆ. ಹುಡುಗಿಯರ ರೋಗಾಣುವಿನಲ್ಲಿ ಅದು ಇರಲಿಲ್ಲ. ಮೇಡಂ ಆ ಮಚ್ಚೆಯನ್ನು ಹಿಂದೆ ಒಂದೇ ಕಡೆ ಕಂಡಿದ್ದರು: ಎರಡು ವರ್ಷದ ಕೆಳಗೆ ಲಕ್ಷ್ಮೇಶ್ವರದ ಕಡೆಯ ಒಬ್ಬ ಮುದುಕನ ರಕ್ತದಲ್ಲಿ. ಫಕೀರವ್ವ ಆ ಮುದುಕನನ್ನು ಕಂಡವಳೇ ಅಲ್ಲ. ಆದರೆ ಅವನ ರೋಗಾಣುವಿನ ತುಣುಕುಗಳನ್ನು ನಮ್ಮ ಮೂರನೆಯ ಕೋಣೆಯಲ್ಲಿ ದಿನವೂ ಬಿಚ್ಚುತ್ತಿದ್ದರು.

"ನಾ ಮೊದಲಿಂದ ಹೇಳ್ಕೋತ ಬಂದೀನಿ. ಅದು ಬಿದ್ದ ಮಷೀನು," ಎಂದರು ಇನಾಮದಾರ ಸರ್. ಕಲ್ಮೇಶ ರಾಸಾಯನಿಕದ ಶೀಶೆಗಳ ಮೇಲೆ ಸಂಶಯಪಟ್ಟ. ಸರ್ ಕಲ್ಮೇಶನ ಮೇಲೆಯೂ ಸಂಶಯಪಟ್ಟರು. ಒಂದು ವಾರ ಆ ಕೋಣೆಯಲ್ಲಿ ಯಾರೂ ಯಾರ ಮುಖವನ್ನೂ ನೆಟ್ಟಗೆ ನೋಡಲಿಲ್ಲ. ಪೂಜೆಯ ದಿನದ ಮೇಲೆ ಮಾತ್ರ ಯಾರ ಸಂಶಯವೂ ಹೋಗಲಿಲ್ಲ. ಕೈಮುಗಿದು ನಿಂತ ದಿನದಲ್ಲಿ ತಪ್ಪು ಹುಡುಕುವುದು ಯಾರಿಗೆ ಹೊಳೆದೀತು?

ಕೊನೆಗೆ ಮೇಡಂ ರೋಗಿಗಳ ಮಾದರಿಯನ್ನೆಲ್ಲ ಬದಿಗಿಟ್ಟು, ಎಲ್ಲ ಕೊಳವೆಗಳಿಗೂ ಬರೀ ನೀರನ್ನೇ ತುಂಬಿದರು. ಒಂದೊಂದು ಸಾಲಿಗೆ ಶುದ್ಧ ಕೋಣೆಯ ಒಂದೊಂದು ಪಿಪೆಟ್. ನಾನು ಕಾಯಿಸಿದೆ, ಆರಿಸಿದೆ. ಸಾಲುಗಳು ಕತ್ತಲೆಯಾಗಿ ಕುಳಿತಿದ್ದವು. ಒಂದು ಸಾಲಿನಲ್ಲಿ ಮಾತ್ರ, ಅಲ್ಲೊಂದು ಇಲ್ಲೊಂದು ಕೊಳವೆಯಲ್ಲಿ, ನೀರು ಹೊಳೆಯಿತು.

ಮೇಡಂ ಆ ಪಿಪೆಟ್ ತಂದು ಹಸಿರು ಪಟ್ಟಿಯನ್ನು ಉಗುರಿನಿಂದ ಕಿತ್ತರು. ಕೆಳಗೆ ಹಳೆಯ ಕೆಂಪು ಪಟ್ಟಿಯ ಒಂದು ಎಳೆ ಅಂಟಿಕೊಂಡಿತ್ತು. ಗುಂಡಿಯ ಸಂದಿಯಲ್ಲಿ ಒಂದಿಷ್ಟು ಕುಂಕುಮ. ಅದು ಮೂರನೆಯ ಕೋಣೆಯದು. ಅದರ ಒಳಗೋಡೆಗೆ ಅಂಟಿದ್ದ ಮುದುಕನ ರೋಗಾಣುವಿನ ತುಣುಕುಗಳು ಒಮ್ಮೊಮ್ಮೆ ಉದುರುತ್ತಿದ್ದವು. ಒಂದು ಸಲ ಅವು ಉದುರಿದ್ದು ಫಕೀರವ್ವನ ಕೊಳವೆಗೆ.

"ಪೂಜಾದ ದಿನ..." ಎಂದು ಕಲ್ಮೇಶ ಶುರುಮಾಡಿದ.

"ಪಟ್ಟಿ ಹಚ್ಚಿದಾಕಿ ನಾನ, ಕಲ್ಮೇಶ."

ಇನಾಮದಾರ ಸರ್ ಬಾಗಿಲು ಹಾಕಿಕೊಂಡು ಬಂದರು. "ಪೂಜಾದ ಮಾತು ಎಲ್ಲೂ ಬ್ಯಾಡ್ರಿ. ತಾಂತ್ರಿಕ ಕಾರಣ ಅಂತ ಬರೀರಿ, ಸಾಕು."

"ತಾಂತ್ರಿಕ ಕಾರಣ ಅಂದ್ರ ಏನೋ ಮುಚ್ಚಿಡ್ಲಿಕ್ಕತ್ತಾರ ಅಂತಾರ ಮಂದಿ. ಆಕೀಗೆ ರೋಗ ಇದ್ದದ್ದ ಖರೆ, ಯಾರೋ ಉಳಿಸ್ಯಾರ ಅಂತಾರ."

"ಅನ್ಲಿ ಬಿಡ್ರಿ. ನಮ್ಮ ಕೈಯಾಗ ಏನದ?"

ಮೇಡಂ ನಡೆದದ್ದನ್ನು ನಡೆದ ಹಾಗೆಯೇ ಬರೆದರು. ಹಾಸ್ಟೆಲಿನ ಅಂಗಳ ಅಗೆದಾಗ ಶೌಚಾಲಯದ ಕೊಳವೆ ಒಡೆದು ಕುಡಿಯುವ ನೀರಿನ ನೆಲದ ತೊಟ್ಟಿಗೆ ಸೋರುತ್ತಿದ್ದದ್ದು ಸಿಕ್ಕಿತೆಂದು ಕಲ್ಮೇಶ ಸುದ್ದಿ ತಂದ. ಪತ್ರಿಕೆಗಳು ಮೊದಲು ಅಡುಗೆಯವಳ ಸುದ್ದಿಯನ್ನು ದಪ್ಪಕ್ಷರದಲ್ಲಿ ಹಾಕಿದ್ದವು. ಒಡೆದ ಕೊಳವೆಯ ಸುದ್ದಿ ಒಳಪುಟದ ಮೂಲೆಗೆ ಹೋಯಿತಂತೆ.

ಫಕೀರವ್ವ ಎರಡನೆಯ ಸಲ ಬಂದಾಗ ಕೈಯಲ್ಲಿ ಸ್ಟೀಲಿನ ಡಬ್ಬಿ ಇತ್ತು. ಮೇಡಂ ಬಾಗಿಲ ಬಳಿ ನಿಲ್ಲಿಸಿ ನನ್ನನ್ನು ತೋರಿಸಿದರು.

"ಇದನ ಏನ್ರಿ ನನ್ನ ಮ್ಯಾಲ ಚಾಡಿ ಹೇಳಿದ್ದು?"

"ಅದು ಕಂಡದ್ದನ್ನ ಹೇಳೇದ. ತಪ್ಪು ನಂದು."

"ನೀವು ತಪ್ಪಂದ್ರಿ, ನಿಮ್ಮದು ಮುಗೀತು. ನನ್ನ ಇನ್ನೂ ಒಲಿ ಮುಂದ ಬಿಡವಲ್ರು ನೋಡ್ರಿ. ಕಾಯಿಪಲ್ಲೆ ಹೆಚ್ಚಿ ಕೊಟ್ಟು ಹೋಗು ಅಂತಾರ. ಹೆಚ್ಚಿ ಕೊಟ್ಟದ್ದನ್ನೂ ಮತ್ತ ತೊಳೀತಾರ." ಆಕೆ ಡಬ್ಬಿಯ ಮುಚ್ಚಳ ತೆಗೆದಳು. "ಶೇಂಗಾ ಹೋಳಿಗಿ. ನಾನ ಮಾಡೇನಿ. ತಿನ್ರಿ."

ಪಡಸಾಲೆಯಲ್ಲಿ ಇನಾಮದಾರ ಸರ್, ಕಲ್ಮೇಶ ನಿಂತಿದ್ದರು. ಇನಾಮದಾರ ಸರ್ ಮೊದಲು ಮಾತಾಡಿದರು. "ನಂಗ ಶುಗರ್ ಅದವ್ವಾ. ಸಿಹಿ ಮುಟ್ಟೂಹಂಗಿಲ್ಲ."

ಮೇಡಂ ಕೈ ಚಾಚಿದರು. ಆ ಕೈ ಡಬ್ಬಿಯ ಮೇಲೆ ಒಂದು ಕ್ಷಣ ನಿಂತಿತು. ಮಂಕು ಬೆಳಕನ್ನೂ ಹಿಡಿಯುವ ಕಣ್ಣು ನನ್ನದು, ಆ ನಿಲುಗಡೆ ನನಗೆ ಕಂಡಿತು. ಫಕೀರವ್ವನಿಗೂ ಕಂಡಿತು. ಆಮೇಲೆ ಮೇಡಂ ಒಂದು ಹೋಳಿಗೆಯನ್ನು ಅಲ್ಲೇ ನಿಂತು ಪೂರ್ತಿ ತಿಂದರು.

"ಸೋಮವಾರ ಮಧ್ಯಾಹ್ನ ಹಾಸ್ಟೆಲಿಗೆ ಊಟಕ್ಕ ಬರ್ತೀನಿ. ನೀನ ಮಾಡಬೇಕು, ನೀನ ಬಡಸಬೇಕು. ಹುಡುಗ್ಯಾರ ನಡುವ ಕೂತು ಉಣ್ತೀನಿ."

"ಒಂದ ಸೋಮವಾರಕ್ಕ ಆಗೂ ಮಾತಲ್ರಿ ಅದು."

"ಹಂಗಾರ ಪ್ರತಿ ಸೋಮವಾರ."

ಮೇಡಂ ಪ್ರತಿ ಸೋಮವಾರವೂ ಹೋದರು. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಫಕೀರವ್ವ ಮತ್ತೆ ಒಲೆಯ ಮುಂದೆ ಕೂತಳು ಎಂದು ಕೇಳಿದೆ. ವಾರ್ಡನ್ ಮಾತ್ರ ಮನೆಯಿಂದಲೇ ಬುತ್ತಿ ತರುತ್ತಾರೆ ಎಂಬುದನ್ನೂ ಕೇಳಿದೆ.

ವರ್ಷಗಳು ಉರುಳಿದವು. ಹೊಸ ಯಂತ್ರ ಬಂತು. ನಾನು ಕೆಲವು ಕಾಲ ವಿದ್ಯಾರ್ಥಿಗಳ ಕೈಗೆ ಸಿಕ್ಕು, ಮುಚ್ಚಳದ ಕೀಲು ಸಡಿಲವಾಗಿ, ಪಡಸಾಲೆಯ ತುದಿಯ ಉಗ್ರಾಣ ಸೇರಿದೆ. ನನ್ನನ್ನು ಹೊತ್ತು ತಂದ ಹೊಸಬರೂ 'ಬಿದ್ದ ಮಷೀನು' ಎಂದೇ ಕರೆದರು. ಏಕೆಂದು ಅವರಿಗೆ ಗೊತ್ತಿರಲಿಲ್ಲ. ಮನುಷ್ಯರು ಒಬ್ಬರ ಮೇಲೊಬ್ಬರು ಸಂಶಯಪಡುವಾಗ ಪಕ್ಕದಲ್ಲಿ ಒಂದು ನೀರಿನ ಕೊಳವೆ ಇಟ್ಟುಕೊಳ್ಳುವುದಿಲ್ಲ. ಅದಕ್ಕೇ ಅವರ ಸಂಶಯ ತಪ್ಪೆಂದು ತೋರಿಸಿಕೊಡುವುದು ಇಷ್ಟು ಕಷ್ಟ.

ಈಗ ಆಯುಧಪೂಜೆಗೆ ಪ್ರತಿ ಕೋಣೆಗೂ ಅದರದೇ ಹರಿವಾಣ, ಅದರದೇ ಕುಂಕುಮ. ಕೂದಲು ನರೆತ ಕಲ್ಮೇಶ ಉಗ್ರಾಣಕ್ಕೂ ಬಂದು ನನಗೊಂದು ಬೊಟ್ಟು ಇಡುತ್ತಾನೆ. ಅಂದು ಫಕೀರವ್ವನ ಹೋಳಿಗೆ ಡಬ್ಬಿಯೂ ಬರುತ್ತದೆ.

ಈ ವರ್ಷವೂ ಬಂತು. ನಿವೃತ್ತರಾದ ಇನಾಮದಾರ ಸರ್ ಹಬ್ಬಕ್ಕೆಂದು ಬಂದಿದ್ದರು. ಎಲ್ಲರೂ ಎದುರಿನ ಕೋಣೆಯೊಳಗೆ ಹೋದರು, ಡಬ್ಬಿಯೂ ಒಳಗೆ ಹೋಯಿತು. ಬಾಗಿಲು ಮುಚ್ಚಿತ್ತು. ಮೇಡಂ ಕೈ ಇನ್ನೂ ಒಂದು ಕ್ಷಣ ನಿಲ್ಲುತ್ತದೆಯೇ, ಇನಾಮದಾರ ಸರ್ ತಿಂದರೇ, ನನಗೆ ಕಾಣಲಿಲ್ಲ. ಕಾಣದ್ದನ್ನು ನಾನು ಹೇಳುವುದಿಲ್ಲ.

ಕಂಡದ್ದು ಇಷ್ಟು. ಡಬ್ಬಿ ಖಾಲಿಯಾಗಿ ಹೊರಗೆ ಬಂತು. ಫಕೀರವ್ವ ಅದನ್ನು ಬೆಳಕಿಗೆ ಹಿಡಿದು ನೋಡಿ ಸೆರಗಿನಿಂದ ಒರೆಸಿದಳು. ಎಲ್ಲರೂ ಹೋದ ಮೇಲೆ ಆ ಕೋಣೆಯ ಕಸದ ಬುಟ್ಟಿಯನ್ನು ಬಾಗಿಲಿಗೆ ಎಳೆದು, ಬಗ್ಗಿ, ಕೈಯಾಡಿಸಿ ನೋಡಿದಳು.

ಬುಟ್ಟಿಯಲ್ಲಿ ಹೂವಿನ ಎಸಳುಗಳಿದ್ದವು, ತೆಂಗಿನ ನಾರು ಇತ್ತು. ಹೋಳಿಗೆಯ ಒಂದು ಚೂರೂ ಇರಲಿಲ್ಲ.