ನೀಲವ್ವನ ಹೆಸರಿನ ಟ್ರಂಕು

ನಾನು ಒಂದು ತಗಡಿನ ಟ್ರಂಕು. ಹುಟ್ಟಿದ್ದು ಹುಬ್ಬಳ್ಳಿಯ ಸಣ್ಣ ಅಂಗಡಿಯೊಂದರಲ್ಲಿ, ಸುತ್ತಿಗೆಯ ಪೆಟ್ಟು ತಿನ್ನುತ್ತಾ. ಹಸಿರು ಬಣ್ಣ ಬಳಿದು, ಎರಡು ಹಿಡಿಕೆ ಕೂರಿಸಿ ನನ್ನನ್ನು ರಸ್ತೆಗೆ ಮುಖ ಮಾಡಿ ಇಟ್ಟಿದ್ದರು. ಹೊಸದಾಗಿ ಮದುವೆಯಾಗಿದ್ದ ಗಿರಿಜಕ್ಕ ನನ್ನನ್ನು ಕೊಂಡರು. ಅವರ ಗಂಡ ಶಿವಾನಂದರಿಗೆ ಉಗಾಂಡಾದ ಜಿಂಜಾ ಊರಿನ ಹತ್ತಿರ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಸೀರೆ, ಶೇಂಗಾ ಚಟ್ನಿಪುಡಿ, ಖಡಕ್ ರೊಟ್ಟಿ ತುಂಬಿಕೊಂಡು ನಾನೂ ಸಮುದ್ರ ದಾಟಿದೆ.

ಅಲ್ಲಿ ಗಿರಿಜಕ್ಕ ನಾಲ್ಕಾರು ಕನ್ನಡದ ಮನೆಗಳನ್ನು ಸೇರಿಸಿ, ತಂದೆತಾಯಿ ಇಲ್ಲದ ಮಕ್ಕಳನ್ನು ಓದಿಸಲು ಪುಟ್ಟದೊಂದು ವಿದ್ಯಾನಿಧಿ ಶುರು ಮಾಡಿದರು. ಅದರ ಕಚೇರಿ ಎಂದರೆ ಅವರ ಊಟದ ಮೇಜು. ಆ ದೇಶದಲ್ಲಿ ಹಾಸ್ಟೆಲ್ ಶಾಲೆಗೆ ಸೇರುವವರು ಸ್ವಂತ ಟ್ರಂಕು ತರಲೇಬೇಕು. ನಲುಬೇಗ ಎಂಬ ಹದಿನಾಲ್ಕರ ಹುಡುಗಿಗೆ ಸೀಟು ಸಿಕ್ಕಿತ್ತು, ಟ್ರಂಕು ಇರಲಿಲ್ಲ. ಗಿರಿಜಕ್ಕ ನನ್ನೊಳಗಿನ ಸೀರೆಗಳನ್ನು ಮಂಚದ ಮೇಲೆ ಸುರಿದು, ನನ್ನನ್ನು ಆಕೆಗೆ ಕೊಟ್ಟರು.

ನಲುಬೇಗಳ ಓದಿನ ಖರ್ಚು ಹುಬ್ಬಳ್ಳಿಯ ವ್ಯಾಪಾರಿ ಈರಣ್ಣ ಮೆಣಸಿನಕಾಯಿ ಅವರದು. ತೀರಿಹೋದ ತಾಯಿ ನೀಲವ್ವನ ಹೆಸರು ಎಲ್ಲಾದರೂ ಇರಬೇಕೆಂಬುದು ಅವರ ಒಂದೇ ಆಸೆ. ಗಿರಿಜಕ್ಕನಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ನಮ್ಮ ಕಡೆ ಮಠದ ಟ್ಯೂಬ್‌ಲೈಟಿನಲ್ಲಿ ಬೆಳಕಿಗಿಂತ ದಾನಿಯ ಹೆಸರೇ ಹೆಚ್ಚು. ಬಿಳಿ ಬಣ್ಣ ತಂದು ನನ್ನ ಮುಚ್ಚಳದ ಮೇಲೆ ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದರು: ‘ದಿವಂಗತ ನೀಲವ್ವ ಮೆಣಸಿನಕಾಯಿ ಅವರ ಸ್ಮರಣಾರ್ಥ ಅನಾಥ ವಿದ್ಯಾರ್ಥಿನಿಗೆ ದಾನ.’ ನಾನಂತೂ ಉಬ್ಬಿಹೋದೆ.

ಹಾಸ್ಟೆಲಿನಲ್ಲಿ ಮಂಚಗಳ ಬುಡದಲ್ಲಿ ಟ್ರಂಕುಗಳ ಸಾಲು. ಉಳಿದವುಗಳ ಮೇಲೆ ಹುಡುಗಿಯರ ಹೆಸರು, ನನ್ನ ಮೇಲೆ ಮಾತ್ರ ಈ ಪುರಾಣ. ಹೋಗಿಬರುವವರೆಲ್ಲ ನಿಂತು ಗಟ್ಟಿಯಾಗಿ ಓದಿದರು. ಕೆಲವರು ನಕ್ಕರು, ಕೆಲವರು ಪಾಪ ಎಂದರು. ಎರಡನೆಯದೇ ನಲುಬೇಗಳಿಗೆ ಹೆಚ್ಚು ಚುಚ್ಚಿತು. ಮರುದಿನದಿಂದ ಆಕೆ ಒದ್ದೆ ಟವೆಲನ್ನು ನನ್ನ ಮೇಲೆ ಹರಡತೊಡಗಿದಳು. ನನಗೆ ತುಕ್ಕೂ ಹಿಡಿಯಿತು, ಸಿಟ್ಟೂ ಬಂತು.

ಒಂದು ದಿನ ಬಾಡಿಗೆ ಬೈಕಿನ ಹಿಂದೆ ನನ್ನನ್ನು ಕಟ್ಟಿಕೊಂಡು ಆಕೆ ಗಿರಿಜಕ್ಕನ ಮನೆಗೆ ಬಂದಿಳಿದಳು.

“ಆಂಟಿ, ಇದನ್ನು ಬೇರೆ ಯಾರಿಗಾದರೂ ಕೊಡಿ. ನಾನು ಶಾಲೆಗೆ ಹೋಗುವುದಿಲ್ಲ. ನನಗೆ ಅಪ್ಪ ಅಮ್ಮ ಇಲ್ಲ ಅಂತ ನನಗೆ ಗೊತ್ತಿದೆ. ದಿನಾ ಓದಿ ನೆನಪು ಮಾಡಿಕೊಳ್ಳಬೇಕಾಗಿಲ್ಲ.”

ಗಿರಿಜಕ್ಕ ಮುಚ್ಚಳದ ಮೇಲಿನ ಬರಹವನ್ನು ಮತ್ತೊಮ್ಮೆ ಓದಿದರು. ಆಮೇಲೆ ಗಂಡನಿಗೆ ಹೇಳಿದರು, “ಎಂಥಾ ಕೆಲಸ ಮಾಡೀನ್ರಿ ನಾ. ಟ್ಯೂಬ್‌ಲೈಟಿಗೆ ಮಾನ ಇರೂದಿಲ್ಲ, ಈ ಹುಡುಗಿಗೆ ಐತಿ.”

“ಅಳಿಸಿದ್ರ ಈರಣ್ಣಗ ಏನ್ ಹೇಳ್ತಿ?”

“ಇದ್ದದ್ದ ಹೇಳ್ತೀನಿ. ಕೊಡೂದು ಬಿಟ್ರ ಬಿಡ್ಲಿ.”

ಸ್ಯಾಂಡ್‌ಪೇಪರಿನಿಂದ ನನ್ನ ಮುಚ್ಚಳ ಉಜ್ಜಿದರು. ನೋವಾಯಿತು, ಸುಳ್ಳೇಕೆ ಹೇಳಲಿ. ಬ್ರಷ್ಷನ್ನು ನಲುಬೇಗಳ ಕೈಗೆ ಕೊಟ್ಟರು. ಆಕೆ ತನ್ನ ಹೆಸರನ್ನಷ್ಟೇ ಬರೆದು, ಬಣ್ಣ ಒಣಗುವವರೆಗೆ ಪಕ್ಕದಲ್ಲೇ ಕೂತಿದ್ದು, ಶಾಲೆಗೆ ವಾಪಸು ಹೋದಳು.

ಗಿರಿಜಕ್ಕ ಬರೆದ ಪತ್ರಕ್ಕೆ ಈರಣ್ಣನವರಿಂದ ಉತ್ತರ ಬರಲಿಲ್ಲ, ದುಡ್ಡೂ ಬರಲಿಲ್ಲ. ಬೇರೊಬ್ಬ ದಾನಿ ಸಿಕ್ಕಿದ್ದಾರೆ ಎಂದು ಗಿರಿಜಕ್ಕ ಹುಡುಗಿಗೆ ಹೇಳಿದರು. ರಜೆಯಲ್ಲಿ ನಾನು ಅವರ ಮನೆಯಲ್ಲೇ ಇರುತ್ತಿದ್ದೆನಾದ್ದರಿಂದ ನಿಜ ನನಗೆ ಗೊತ್ತು. ಊರಿಗೆ ಹೋಗಲು ತೆಗೆದಿಟ್ಟ ವಿಮಾನದ ದುಡ್ಡೇ ಆ ದಾನಿ. ನಾಲ್ಕು ವರ್ಷ ಗಂಡ ಹೆಂಡತಿ ಹುಬ್ಬಳ್ಳಿಯ ಮುಖ ನೋಡಲಿಲ್ಲ. ಗಿರಿಜಕ್ಕ ತಂಗಿಯ ಮದುವೆಯನ್ನು ಫೋಟೋದಲ್ಲಿ ನೋಡಿದರು, ನೋಡಿ ಅತ್ತರು.

ನಲುಬೇಗ ಈಗ ಆಸ್ಪತ್ರೆಯೊಂದರಲ್ಲಿ ನರ್ಸು. ನಾನು ಆಕೆಯ ಮನೆಯ ಮೂಲೆಯಲ್ಲಿದ್ದೇನೆ. ಕೀಲು ಸಡಿಲಾಗಿದೆ, ಹೊಟ್ಟೆಯ ತುಂಬ ಕೂಸಿನ ಬಟ್ಟೆ. ಮೊನ್ನೆ ಗಿರಿಜಕ್ಕ ಕೂಸನ್ನು ನೋಡಲು ಬಂದರು. ಕುರ್ಚಿಯ ಮೇಲೆ ಒಗೆದ ಬಟ್ಟೆಯ ರಾಶಿ ಇದ್ದುದರಿಂದ ನನ್ನ ಮೇಲೆಯೇ ಕೂತರು.

ನಲುಬೇಗ ಚಹಾ ಕೊಡುತ್ತಾ ಕೇಳಿದಳು, “ಆಂಟಿ, ಆಮೇಲೆ ನನ್ನನ್ನು ಓದಿಸಿದವರು ಯಾರು? ಮಗಳಿಗೆ ಅವರ ಹೆಸರಿಡಬೇಕು ಅಂದುಕೊಂಡಿದ್ದೇನೆ.”

“ಹೆಸರು ಹೇಳಬಾರದು ಅಂದಿದ್ದಾರಮ್ಮ. ನಿನಗೆ ಚೆಂದ ಕಂಡದ್ದು ಇಡು.”

ಹಾಗೆಂದು ಗಿರಿಜಕ್ಕ ಚಹಾ ಊದಿಕೊಂಡು ಕುಡಿದರು. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ.