ಸೌಂಡು ಯಾವ ಬಚ್ಚಲಿಗೆ

ಮತ್ತೆ ಶುರುವಾಯಿತು ಪಕ್ಕದ ಸೈಟಿನ ಬೋರ್‌ವೆಲ್ ಲಾರಿ, ಕಿಟಕಿ ಗಾಜು ನಡುಗುತ್ತಿದೆ, ಮೇಜೂ ನಡುಗುತ್ತಿದೆ, ನನ್ನ ಕಂಪ್ಯೂಟರ್ ಮಾತ್ರ ತುಟಿ ಬಿಚ್ಚುತ್ತಿಲ್ಲ — ಈಗ ತಾನೇ ರಮ್ಯಳ ಚಾಟ್ ಓದಿ ಹೇಳುತ್ತಿತ್ತು, ರೆಡಿ ಇರೇ ರೇಖಾ, ಇನ್ನೇನ್ ಟೆಸ್ಟ್ ಕಳಿಸ್ತಾರೆ, ಅಷ್ಟರಲ್ಲಿ ಗಪ್ಪಾಯಿತು. ಕಣ್ಣಿದ್ದವರಿಗೆ ಪರದೆ ಇದೆ, ನನಗಿರುವುದು ಇದರ ಮೂಗಿನ ಧ್ವನಿ ಒಂದೇ, ಒತ್ತಿದ ಅಕ್ಷರವನ್ನೆಲ್ಲ ಗಟ್ಟಿಯಾಗಿ ಹೇಳುವ ಧ್ವನಿ, ಅದೂ ಹೋದರೆ ಇದು ಬರೀ ಬಿಸಿ ಡಬ್ಬ. ಹೆಬ್ಬಾಳದ ಆಫೀಸಿನವರು ಕೆಲಸಕ್ಕೆ ಟೆಸ್ಟ್ ಅಂತ ಒಂದು ಆಡಿಯೊ ಕಳಿಸುತ್ತಾರೆ, ಕೇಳಿ ಟೈಪ್ ಮಾಡಬೇಕು, ಇನ್ನೊಂದು ಅವಕಾಶ ಕೊಡುವುದಿಲ್ಲ, ಕೇಳಿಸದೆ ಏನು ಟೈಪ್ ಮಾಡಲಿ, ನನ್ನ ತಲೆ. ರಮ್ಯ ಅದೇ ಆಫೀಸಿನಲ್ಲಿದ್ದಾಳಲ್ಲ, ಅವಳಿಗಾದರೂ ತಿಳಿಯಲಿ ಎಂದು ಬೆರಳಿನ ಅಂದಾಜಿನಲ್ಲೇ ಹೊಡೆದೆ — ಸೌಂಡ್ ಹೋಯ್ತು ಕಣೇ, ಸ್ವಲ್ಪ ತಡೆದಿರು, ಕೆಲ್ಸ ಸಿಕ್ಕಿದ್ ದಿನವೇ ನಿನ್ ಹಾಸ್ಟೆಲ್‌ಗೆ ಬಂದ್ಬಿಡ್ತೀನಿ, ಮುನೀಂದ್ರಂಗೆ ಹೇಳಿಲ್ಲ, ಹೇಳಿದ್ರೆ ಬಿಡಲ್ಲ, ಇನ್ನೊಂದ್ ವರ್ಷ ಈ ಮನೇಲಿದ್ರೆ ನಾನೂ ಒಂದು ಸೋಫಾ ಆಗ್ಬಿಡ್ತೀನಿ. ಹೋಯಿತೋ ಇಲ್ಲವೋ ದೇವರಿಗೇ ಗೊತ್ತು.

ಅಣ್ಣ ಮುನೀಂದ್ರ ಕೆಳಗಿದ್ದಾನೆ, ರಾಜಾನುಕುಂಟೆ ಲೇಔಟಿನ ಸೈಟು ಕೊಳ್ಳಲು ಬಂದವರಿಗೆ ಕಾಫಿ ಕೊಡಿಸುತ್ತ, ನಿಂಗೇನ್ ಕಮ್ಮಿ ಮಾಡಿದೀನಿ ರೇಖಾ, ಕೆಲ್ಸ ಯಾಕೆ, ಆರಾಮಾಗಿರು, ಎಷ್ಟು ಸಲ ಹೇಳಿದ್ದಾನೋ, ಅಣ್ಣ ಕೆಟ್ಟವನಲ್ಲ, ಅದೇ ಕಷ್ಟ. ಜ್ವರ ಬಂದು ನನ್ನ ಕಣ್ಣು ಹೋದ ವರ್ಷ, ಪುಟ್ಟೇನಹಳ್ಳಿ ಕೆರೆ ಪಕ್ಕದ ನಮ್ಮ ರಾಗಿ ಹೊಲದಲ್ಲಿ ನನಗೆ ಮತ್ತೆ ನಡೆಯುವುದು ಕಲಿಸಿದವನೂ ಅವನೇ, ದೂರ ನಿಂತು ಚಪ್ಪಾಳೆ ತಟ್ಟುತ್ತಿದ್ದ, ಇಂಗ್ ಬಾ, ನೆಟ್ಟಗ್ ಬಾ, ಸದ್ದು ಹಿಡಿದು ಹೋಗುತ್ತಿದ್ದೆ, ಅರ್ಧ ದಾರಿಗೆ ಚಪ್ಪಾಳೆ ನಿಲ್ಲಿಸಿಬಿಡುತ್ತಿದ್ದ, ತಮಾಷೆಗೆ, ಉಸಿರು ಬಿಗಿಹಿಡಿದು ನೋಡುತ್ತಿದ್ದ, ಕೆರೆ ಯಾವ ಕಡೆ ಎಂದು ತಿಳಿಯದೆ ನಾನು ಕೈ ಚಾಚಿ ನಿಂತಿರುತ್ತಿದ್ದೆ — ಆಗ ತಲೆಯೊಳಗೆ ಕಾಣುತ್ತಿದ್ದದ್ದು, ಕಣ್ಣಿದ್ದಾಗ ನೋಡಿದ್ದ ಅವನ ಅಂಗೈಗಳು, ಕೆಮ್ಮಣ್ಣು ಮೆತ್ತಿದ ಎರಡು ಅಂಗೈ, ಗಾಳಿಯಲ್ಲಿ, ಕೂಡದೆ. ಥೂ, ಈಗ ಯಾಕೆ ಅದು.

ವಾಜಿದ್ ಸರ್ ಏನು ಹೇಳಿದ್ದರು, ಆರ್.ಟಿ. ನಗರದ ಕಂಪ್ಯೂಟರ್ ಕ್ಲಾಸಿನಲ್ಲಿ, ಅವರಿಗೂ ಕಣ್ಣಿಲ್ಲ — ಸಿಂಕ್ ಅಂದ್ರೆ ಬಚ್ಚಲು ಅಂತ ತಿಳ್ಕೊಳ್ಳಿ ಮೇಡಮ್, ಲಿನಕ್ಸ್‌ನಲ್ಲಿ ಸೌಂಡು ಮಾಯ ಆಗಲ್ಲ, ಎಲ್ಲೋ ಒಂದ್ ಬಚ್ಚಲಿಗೆ ಬಿದ್ದೇ ಬೀಳ್ತದೆ, ಯಾವ ಬಚ್ಚಲಿಗೆ ಅಂತ ನೀವು ಹೇಳ್ಬೇಕು ಅಷ್ಟೆ. ಸರಿ, ಕಂಟ್ರೋಲ್ ಆಲ್ಟ್ ಟಿ, ಟರ್ಮಿನಲ್ ತೆರೆದಿರಬೇಕು, ತೆರೆಯಿತು ಅಂತಲೇ ನಂಬುತ್ತೇನೆ, ಪಿ ಎ ಸಿ ಟಿ ಎಲ್, ಸೆಟ್ ಹೈಫನ್ ಡಿಫಾಲ್ಟ್ ಹೈಫನ್ ಸಿಂಕ್, ಸೊನ್ನೆ, ಎಂಟರ್ — ಓದುವ ಪ್ರೋಗ್ರಾಮನ್ನು ಆರಿಸಿ ಮತ್ತೆ ಹಚ್ಚಿದೆ, ಇಲ್ಲ, ಏನೂ ಇಲ್ಲ, ಸೊನ್ನೆ ನಂಬರಿನ ಬಚ್ಚಲೇ ಇಲ್ಲವೇನೋ, ಹೇಳಿದ್ದು ಹಿಡಿದಿಲ್ಲ. ಒಂದು ಹಾಕಬೇಕಿತ್ತು. ಟೆಸ್ಟ್ ಬಂದುಬಿಟ್ಟಿದ್ದರೆ, ಆಡಿಯೊ ಯಾರಿಗೂ ಕೇಳದೆ ಓಡುತ್ತಿದ್ದರೆ. ಮತ್ತೆ ಪಿ ಎ ಸಿ ಟಿ ಎಲ್, ಸೆಟ್ —

ಲಾರಿ ನಿಂತಿತು. ಎಷ್ಟು ನಿಶ್ಶಬ್ದ. ಹೈಫನ್ ಒತ್ತಿದೆ, ಕೆಳಗಿನಿಂದ ಯಾರೋ ಹೈಫನ್ ಎಂದರು. ಡಿ ಒತ್ತಿದೆ, ಡಿ ಎಂದರು. ಅದೇ ಮೂಗಿನ ಧ್ವನಿ, ನನ್ನದು, ಹಾಲ್‌ನಲ್ಲಿ — ಅಯ್ಯೋ, ಆ ಗುಂಡು ಬ್ಲೂಟೂತ್ ಸ್ಪೀಕರ್, ಯುಗಾದಿಗೆ ಅಣ್ಣ ತಂದಿದ್ದ, ಹಾಡು ಹಾಕ್ಬೇಕು ಅಂತ ಮೇಲೆ ಬಂದು ನನ್ನ ಕಂಪ್ಯೂಟರಿಗೇ ಜೋಡಿಸಿದ್ದ, ತಂತಿನೇ ಬೇಡ ಕಣೇ ನೋಡು ಎಂದು ಹಿಗ್ಗಿದ್ದ, ಇವತ್ತು ಬಂದವರಿಗೆ ತೋರಿಸಲು ಆನ್ ಮಾಡಿದ್ದಾನೆ, ಅದು ಹಳೆಯ ನೆಂಟಸ್ತಿಕೆ ನೆನೆದು ನನ್ನ ಧ್ವನಿಯನ್ನು ಎಳೆದುಕೊಂಡಿದೆ. ಹಾಗಾದರೆ ರಮ್ಯಳಿಗೆ ಬರೆದದ್ದು. ಹಾಸ್ಟೆಲು. ಹೇಳಿದ್ರೆ ಬಿಡಲ್ಲ. ಸೋಫಾ. ಅಕ್ಷರ ಅಕ್ಷರವಾಗಿ, ಬಂದವರ ಮುಂದೆ, ಕಾಫಿಯ ಮಧ್ಯೆ. ಕೆಳಗೆ ಲೋಟ ಇಟ್ಟ ಸದ್ದು ಒಂದು. ಆರಿಸಬಹುದಿತ್ತಲ್ಲ ಅವನು, ಒಂದು ಬಟನ್, ಆರಿಸಲಿಲ್ಲ, ಕೇಳುತ್ತ ಕೂತಿದ್ದಾನೆ.

ಸಿಂಕ್. ಒಂದು. ಒಂದು ಎಂದಿತು ಕೆಳಗೆ. ಎಂಟರ್. ಆರಿಸಿ ಹಚ್ಚಿದೆ, ಧ್ವನಿ ನನ್ನ ಮೇಜಿಗೆ ವಾಪಸು ಬಂತು, ಏನೂ ಆಗಿಲ್ಲವೆಂಬಂತೆ ಓದಿತು, ರಮ್ಯಳ ಚಾಟ್, ಕಳ್ಸಿದಾರೆ ಕಣೇ, ಶುರು ಮಾಡು. ಮೆಟ್ಟಿಲ ಮೇಲೆ ಹೆಜ್ಜೆ, ಮುನೀಂದ್ರನದೇ, ಹಿಮ್ಮಡಿ ಎಳೆಯುವ ಹೆಜ್ಜೆ, ಮೇಲೆ, ಇನ್ನೂ ಮೇಲೆ — ಅರ್ಧಕ್ಕೆ ನಿಂತಿತು. ಕರೆಯುತ್ತಿಲ್ಲ. ಇಳಿಯುತ್ತಲೂ ಇಲ್ಲ. ಉಸಿರು ಬಿಗಿಹಿಡಿದಿದ್ದಾನೆ, ನನಗೆ ಗೊತ್ತು. ಶುರು ಮಾಡಬೇಕು, ಬೆರಳು ಕೀಲಿಯ ಮೇಲಿದೆ, ಒತ್ತಬೇಕು ಅಷ್ಟೆ — ಎರಡು ಅಂಗೈ, ಕೆಮ್ಮಣ್ಣು ಮೆತ್ತಿದ್ದು, ಗಾಳಿಯಲ್ಲಿ, ಕೂಡದೆ